ಬರುತ್ತದೆ ಎಂದಿದ್ದ ಹಲ್ಲು

ಮಕ್ಕಳ ಬಾಯಲ್ಲಿರುವ ಹಲ್ಲೆಲ್ಲ ಬಿದ್ದುಹೋಗುವುದಕ್ಕೇ ಬಂದವು ಎಂದು ನಮ್ಮ ರಾಯದುರ್ಗದ ಓಣಿಯವರೆಲ್ಲ ನಂಬಿದ್ದ ದಿನಗಳವು. ಹಲ್ಲು ಕಪ್ಪಾಗಿದೆ ಎಂದರೆ ‘ಬೀಳತೈತಿ ಬಿಡು’ ಎನ್ನುತ್ತಿದ್ದರು. ನೋವೆಂದು ಅತ್ತರೆ ಲವಂಗ ಕಚ್ಚಿಸಿ ‘ಹೊಸಾದು ಬರತೈತಿ, ಸುಮ್ನಿರು’ ಎನ್ನುತ್ತಿದ್ದರು. ನಮ್ಮ ಕ್ಲಾಸಿನಲ್ಲಿ ಮುಂದಿನ ಹಲ್ಲು ಕರಗಿ ಕಪ್ಪು ಮೊಳೆಯಂತಾಗಿದ್ದ ಹುಡುಗರೇ ಹೆಚ್ಚು. ನಗುವುದಕ್ಕೆ ಯಾರಿಗೂ ನಾಚಿಕೆ ಇರಲಿಲ್ಲ, ಯಾಕೆಂದರೆ ಎಲ್ಲರ ಬಾಯೂ ಹಾಗೇ ಇತ್ತು.

ಅಪ್ಪ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದರು. ಅಮ್ಮ ದಾರ ಕತ್ತರಿಸಿ, ಗುಂಡಿ ಹಾಕಿ, ಮಡಚಿ ಕಟ್ಟು ಕಟ್ಟುತ್ತಿದ್ದಳು. ಮನೆಯೆಲ್ಲ ಹೊಸ ಬಟ್ಟೆಯ ಗಂಜಿ ವಾಸನೆ. ಅಮ್ಮನ ಬೆರಳ ತುದಿ ಸದಾ ನೀಲಿ. ಬೆಳಿಗ್ಗೆ ಅವಳು ನನ್ನ ಅಂಗೈಗೆ ಕೆಂಪು ಹಲ್ಲುಪುಡಿ ಸುರಿದರೆ ನಾನು ಮುಂದಿನ ಹಲ್ಲುಗಳನ್ನಷ್ಟೇ ಉಜ್ಜಿ, ಉಳಿದ ಪುಡಿಯನ್ನು ಅದರ ಸಿಹಿಖಾರದ ಆಸೆಗೆ ನೆಕ್ಕಿ, ಉಗುಳಿ ಬರುತ್ತಿದ್ದೆ. ಬೆರಳು ಹೋಗುವವರೆಗೆ ಮಾತ್ರ ಹಲ್ಲು. ದವಡೆಯ ಒಳಗೆ ಏನಿದೆ ಎಂದು ನಾನೂ ನೋಡಿರಲಿಲ್ಲ, ಅಮ್ಮನೂ ನೋಡಿರಲಿಲ್ಲ. ಮಲಗುವ ಮುಂಚೆ ಹಲ್ಲುಜ್ಜುವವರು ಇದ್ದಾರೆ ಎಂದು ಯಾರಾದರೂ ಹೇಳಿದ್ದರೆ ನಾವು ನಕ್ಕುಬಿಡುತ್ತಿದ್ದೆವು.

ಬೇಸಿಗೆ ರಜೆ ಬಂದರೆ ಅಮ್ಮ ನನ್ನನ್ನು ತನ್ನ ತವರಿಗೆ ಬಿಟ್ಟು ಬರುತ್ತಿದ್ದಳು. ಕಲ್ಯಾಣದುರ್ಗ, ಪಾವಗಡ ಎಂದು ಬಸ್ಸು ಬದಲಿಸುತ್ತ ಮಡಕಶಿರ ಮುಟ್ಟಿ, ಅಲ್ಲಿಂದ ಹೇಮಾವತಿ ಕಡೆಯ ಆಟೊ ಹತ್ತಿ ಇಳಿದರೆ ಅಜ್ಜಿಯ ಊರು. ನಮ್ಮ ಕಡೆಯ ‘ಐತಿ’ ಅಲ್ಲಿ ‘ಐತೆ’ ಆಗುತ್ತಿತ್ತು. ನಾನು ‘ಯಾಕ’ ಎಂದರೆ ಅಲ್ಲಿನ ಹುಡುಗರು ನಗುತ್ತಿದ್ದರು. ನಗದೇ ಇದ್ದವನು ಓಬಳೇಶ ಮಾವ ಒಬ್ಬನೇ.

ಓಬಳೇಶ ಮಾವ ಅಮ್ಮನ ಅಣ್ಣ. ತಾತ ತೀರಿಕೊಂಡ ಮೇಲೆ ಮನೆ ನಡೆಸಿದವನು, ಅಮ್ಮನ ಮದುವೆ ಮಾಡಿದವನು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತಿದ್ದ. ಹುಳು ಯಾವತ್ತು ಸೊಪ್ಪು ಬಿಟ್ಟು ಜ್ವರಕ್ಕೆ ಮಲಗುತ್ತದೆ, ಯಾವತ್ತು ಪೊರೆ ಕಳಚಿ ಏಳುತ್ತದೆ, ಯಾವತ್ತು ಹಣ್ಣಾಗಿ ಗೂಡು ಕಟ್ಟುತ್ತದೆ ಎಂದು ಅವನು ಮುಂಚೆಯೇ ಹೇಳುತ್ತಿದ್ದ. ಹೇಳಿದಂತೆಯೇ ಆಗುತ್ತಿತ್ತು. ಬೆಳಿಗ್ಗೆ ಎದ್ದು ಓಡಿಹೋಗಿ ನೋಡಿದರೆ ಹುಳುಗಳೆಲ್ಲ ತಲೆಯೆತ್ತಿ ಅಲ್ಲಾಡದೆ ಮಲಗಿರುತ್ತಿದ್ದವು. ಮಾವ ಹೇಳಿದ್ದು ಸುಳ್ಳಾಗುತ್ತದೆ ಎಂಬ ಯೋಚನೆಯೇ ನನಗೆ ಬರಲು ದಾರಿ ಇರಲಿಲ್ಲ.

ನಾನು ಎರಡನೇ ಕ್ಲಾಸು ಮುಗಿಸಿ ಹೋದ ಆ ಬೇಸಿಗೆಯಲ್ಲಿ ಅತ್ತೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಹುಳುವಿನ ಕೆಲಸವೆಲ್ಲ ಮಾವನ ಮೇಲೆ ಬಿದ್ದಿತ್ತು. ಬಿಸಿಲು ತಾಗದಂತೆ ಹುಳು ಮನೆಯ ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟಿದ್ದ. ಒಳಗೆ ಕಾಲಿಟ್ಟರೆ ತಂಪು, ಹಸಿ ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಸಾವಿರಾರು ಹುಳುಗಳು ಎಲೆ ಕತ್ತರಿಸುವ ಚರಚರ ಸದ್ದು. ನಾನು ಚೀಲಗಳಿಗೆ ನೀರು ಚಿಮುಕಿಸುತ್ತಿದ್ದೆ, ಎಳೆಯ ಎಲೆ ಆರಿಸಿ ಕೊಡುತ್ತಿದ್ದೆ. ಅದಕ್ಕೆ ಸಂಬಳ ಕಮರ್‌ಕಟ್ಟು. ಬೆಲ್ಲ, ಕೊಬ್ಬರಿ ಕಾಯಿಸಿ ಉಂಡೆ ಕಟ್ಟಿದ ಆ ಮಿಠಾಯಿ ಕಲ್ಲಿನಂತೆ ಗಟ್ಟಿ. ಕಡಿದರೆ ಬೇಗ ಮುಗಿಯುತ್ತದೆ ಎಂದು ಎಡಗೆನ್ನೆಯ ಒಳಗೆ ಇಟ್ಟುಕೊಂಡು ಮಧ್ಯಾಹ್ನವೆಲ್ಲ ಕರಗಿಸುತ್ತಿದ್ದೆ. ಬಾಯಲ್ಲಿಟ್ಟುಕೊಂಡೇ ಚಾಪೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಮಾವ ಮಡಕಶಿರದ ಸಂತೆಯಿಂದ ಪೊಟ್ಟಣ ತಂದು, ‘ಇದು ನಮ್ಮ ಪದ್ದಿಗೆ, ಯಾರೂ ಕೇಳಂಗಿಲ್ಲ’ ಎಂದು ಗೋಡೆಯ ಗೂಡಿನಲ್ಲಿಡುತ್ತಿದ್ದ.

ಮೊದಲು ಹುರಿದ ಕಡಲೆಕಾಯಿ ಬೀಜ ಸಿಕ್ಕಿಕೊಳ್ಳತೊಡಗಿತು. ಎಡಗಡೆ, ಕೆಳಗೆ, ಎಲ್ಲಕ್ಕಿಂತ ಹಿಂದಿನ ಹಲ್ಲಿನಲ್ಲಿ. ಪೊರಕೆ ಕಡ್ಡಿಯಿಂದ ಕೆದಕಿ ತೆಗೆದರೆ ಮತ್ತೆ ಸಿಕ್ಕುತ್ತಿತ್ತು. ಆಮೇಲೆ ಮಡಕೆಯ ತಣ್ಣೀರು ಕುಡಿದಾಗ ಜುಮ್ಮೆಂದು ಕಿವಿಯವರೆಗೆ ಹೊಡೆಯತೊಡಗಿತು. ಬಲಗಡೆ ತಲೆ ವಾಲಿಸಿ ನೀರು ಕುಡಿಯುವುದನ್ನು ಕಲಿತೆ. ಅಜ್ಜಿ ನನ್ನನ್ನು ಬಿಸಿಲಿಗೆ ನಿಲ್ಲಿಸಿ ಬಾಯಿ ತೆಗೆಸಿ ನೋಡಿ, “ಹುಳ ಹೊಕ್ಕೈತೆ ಕಣೋ ಓಬಳೇಸ” ಎಂದಳು. ಒಂದು ರೇಷ್ಮೆ ಹುಳುವೇ ಒಳಗೆ ಸೇರಿಕೊಂಡು ಚರಚರ ತಿನ್ನುತ್ತಿದೆ ಎಂದು ನಾನು ಹೆದರಿ ಅಳತೊಡಗಿದೆ. ಮಾವ ಸೊಪ್ಪಿನ ಬುಟ್ಟಿ ಇಳಿಸಿ ಬಂದು ನೋಡಿ, “ಹಾಲಲ್ಲು ಕಣಮ್ಮಿ. ಮುಂದಿಂದು ಬಿದ್ದಿಲ್ವಾ ಹೋದ ವರ್ಸ? ಹಂಗೇ ಇದೂ ಬೀಳ್ತೈತೆ” ಎಂದ. ನನ್ನ ಅಳು ನಿಂತಿತು.

ಅಜ್ಜಿ ಇಂಗು ಇಟ್ಟಳು, ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಲು ಕೊಟ್ಟಳು. ಹುಳುಗಳೆಲ್ಲ ಚಂದ್ರಿಕೆಯ ಬಿದಿರು ತಟ್ಟಿಯ ಮೇಲೆ ಗೂಡು ಕಟ್ಟಿ ಮುಗಿಸಿ, ಬಿಡಿಸುವ ಹೊತ್ತಿಗೆ ನನ್ನ ಎಡಗೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತ್ತು. ಅನ್ನ ನುಂಗಲಾಗುತ್ತಿರಲಿಲ್ಲ. ಅಜ್ಜಿ ಹಟ ಹಿಡಿದಳು, “ಗೂಡು ಹಾಕಕ್ಕೆ ಹಿಂದೂಪುರಕ್ಕೆ ಹೋಗ್ತೀಯಲ್ಲ, ಈ ಮಗೀನೂ ಕರ್ಕೊಂಡ್ ಹೋಗಿ ಡಾಕ್ಟ್ರಿಗೆ ತೋರ್ಸು.”

ಮಾವ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ, “ಮಾರ್ಕೆಟ್ ತೋರಿಸ್ತೀನಿ. ಗೂಡಿನ ಗುಡ್ಡೆ ನೋಡಿದೀಯಾ? ಬೆಳ್ಳಗೆ ಬೆಟ್ಟ ಬೆಟ್ಟ ಇರ್ತೈತೆ.”

“ಡಾಕ್ಟ್ರು ಏನ್ ಮಾಡ್ತಾರ?”

“ನೋಡ್ತಾರೆ ಅಷ್ಟೆ.”

ಊರಿನ ಬೇರೆಯವರ ಗೂಡಿನ ಚೀಲಗಳ ಜೊತೆ ನಮ್ಮದನ್ನೂ ಹೇರಿಕೊಂಡು ಲಗೇಜ್ ಆಟೊ ಹೊರಟಿತು. ನಾನು ಮಾವನ ತೊಡೆಯ ಮೇಲೆ. ಮಾರ್ಕೆಟ್ಟಿನಲ್ಲಿ ಗೂಡು ಸುರಿದು, ನಮ್ಮೂರಿನ ಒಬ್ಬರನ್ನು ಕಾವಲಿಗೆ ನಿಲ್ಲಿಸಿ, ಹರಾಜು ಶುರುವಾಗುವುದರೊಳಗೆ ಬರುತ್ತೇನೆ ಎಂದು ಮಾವ ನನ್ನನ್ನು ಎತ್ತಿಕೊಂಡು ಓಡುವಂತೆ ನಡೆದ. ಗೂಡನ್ನು ಇಟ್ಟುಕೊಂಡು ಕೂರಲಾಗುವುದಿಲ್ಲ, ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದರೆ ಗೂಡು ಹಾಳು. ಅವನ ಅವಸರ ನನಗೂ ಗೊತ್ತಿತ್ತು. ನಾನೂ ಅವನ ಕೊರಳು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಹಲ್ಲಿನ ಡಾಕ್ಟರು ಮಹಡಿಯ ಮೇಲಿದ್ದರು. ನಡುವಯಸ್ಸಿನವರು, ಮೆಲ್ಲಗೆ ಮಾತಾಡುತ್ತಿದ್ದರು. ಕುರ್ಚಿಯಲ್ಲಿ ಮಲಗಿಸಿ, ಪುಟ್ಟ ಕನ್ನಡಿ ಬಾಯಿಗಿಟ್ಟು ನೋಡಿದರು. ಹಲ್ಲನ್ನು ಕಡ್ಡಿಯಿಂದ ಮುಟ್ಟಿದರು. ಆಮೇಲೆ ಹತ್ತಿ ಇಟ್ಟು ನನ್ನನ್ನು ಹಾಗೇ ಬಿಟ್ಟು, ಪರದೆಯ ಆಚೆ ಮಾವನ ಜೊತೆ ತೆಲುಗಿನಲ್ಲಿ ಮಾತಾಡಿದರು. ಆಂಧ್ರದ ನಮ್ಮ ಊರುಗಳಲ್ಲಿ ಮಕ್ಕಳಿಗೂ ತೆಲುಗು ತಿಳಿಯುತ್ತಿತ್ತು. ಹೊರಗೆ ಬಸ್ಸಿನ ಹಾರ್ನಿಗೆ ಎಲ್ಲ ಕೇಳಿಸಲಿಲ್ಲ. ಕೇಳಿದಷ್ಟು ಇವತ್ತಿಗೂ ಕಿವಿಯಲ್ಲಿದೆ.

“ಇದಿ ಪರ್ಮನೆಂಟ್ ಪನ್ನು. ವಾಳ್ಳಮ್ಮನಿ ಅಡಿಗಾರಾ?” ಇದು ಪರ್ಮನೆಂಟ್ ಹಲ್ಲು, ಇವಳ ಅಮ್ಮನನ್ನು ಕೇಳಿದ್ದೀರಾ ಎಂದು ಡಾಕ್ಟರು.

“ಅಡಿಗಾನು ಸಾರ್. ತೀಸೇಯಮಂದಿ.” ಕೇಳಿದೆ ಸಾರ್, ತೆಗೆದುಬಿಡಿ ಅಂದಿದ್ದಾಳೆ ಎಂದು ಮಾವ.

ಡಾಕ್ಟರು ಮತ್ತೇನೋ ಹೇಳಿದರು, ವಾರ ಎಂದರು, ಮತ್ತೆ ಬರುವುದು ಎಂದರು. ಮಾವ ಅದಕ್ಕೆ ಏನು ಹೇಳಿದನೋ ಕೇಳಲಿಲ್ಲ. ಪರದೆ ಸರಿಸಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

“ಮಾವ, ಪರ್ಮನೆಂಟ್ ಅಂದ್ರ ಏನು?” ಹತ್ತಿಯ ಸಂದಿಯಿಂದ ಹೇಗೋ ಕೇಳಿದೆ.

ಮಾವ, “ಅಂದ್ರೆ ನೋವು ಪರ್ಮನೆಂಟಾಗಿ ಹೋಗ್ತೈತೆ ಅಂತ” ಎಂದ.

“ಹೊಸಾದು ಬರತೈತೇನು?”

“ಬತ್ತೈತೆ ಕಣಮ್ಮಿ. ಬರ್ದೆ ಏನು?”

ಸೂಜಿ ಚುಚ್ಚಿದ್ದು ನೆನಪಿದೆ. ಆಮೇಲೆ ಒತ್ತಡ, ತಲೆಯೊಳಗೆ ಏನೋ ಮುರಿದ ಸದ್ದು, ಬಾಯ ತುಂಬ ಕಬ್ಬಿಣದ ರುಚಿ. ಡಾಕ್ಟರು ತಟ್ಟೆಯಲ್ಲಿ ಹಾಕಿದ ಹಲ್ಲು ದೊಡ್ಡದಾಗಿತ್ತು, ಬೇರು ಉದ್ದವಿತ್ತು. ಹಿಂದಿನ ವರ್ಷ ಬಿದ್ದ ಮುಂದಿನ ಹಲ್ಲು ಅಕ್ಕಿಕಾಳಿನಷ್ಟಿತ್ತು, ಇದು ಯಾಕಿಷ್ಟು ದೊಡ್ಡದು ಎಂದು ಅನ್ನಿಸಿದ್ದು ನಿಜ. ಆದರೆ ಕೇಳಲಿಲ್ಲ. ಮಾವ ಆಗಲೇ ಉತ್ತರ ಕೊಟ್ಟಿದ್ದ.

ಹರಾಜಿನ ಹೊತ್ತಿಗೆ ಸರಿಯಾಗಿ ಮಾರ್ಕೆಟ್ ಸೇರಿದೆವು. ಗೂಡಿನ ಬೆಟ್ಟಗಳು ಅವನು ಹೇಳಿದಂತೆಯೇ ಇದ್ದವು. ನಮ್ಮ ಗೂಡಿಗೆ ಒಳ್ಳೆಯ ರೇಟು ಬಂತು. ಮಾವ ಐಸ್‌ಕ್ಯಾಂಡಿ ಕೊಡಿಸಿ, ಬಸ್ಸಿನವರೆಗೆ ಹೆಗಲ ಮೇಲೆ ಹೊತ್ತುಕೊಂಡು ಬಂದ. ಅಷ್ಟು ಎತ್ತರದಿಂದ ಹಿಂದೂಪುರದ ಬೀದಿ ನೋಡುತ್ತ ನನಗೆ ಜಂಬವೇ ಬಂದಿತ್ತು. ಅಮ್ಮನ ಮೇಲೆ ಮಾತ್ರ ಸಿಟ್ಟು. ನನ್ನನ್ನು ಒಂದು ಮಾತೂ ಕೇಳದೆ, ಅಷ್ಟು ದೂರದಿಂದ, ಕೀಳಿಸಿಬಿಡು ಎಂದಿದ್ದಾಳಲ್ಲ ಎಂದು.

ಅಜ್ಜಿ ಹಲ್ಲನ್ನು ಸಗಣಿಯಲ್ಲಿ ಉಂಡೆ ಕಟ್ಟಿ ನನ್ನ ಕೈಯಿಂದಲೇ ಮಾಳಿಗೆಯ ಮೇಲೆ ಎಸೆಸಿದಳು. “ಹೊಸಲ್ಲು ಬೆಳ್ಳಗೆ ಬರ್ಲಿ ಅನ್ನು” ಎಂದಳು. ಅಂದೆ. ಅಜ್ಜಿಗೆ ಏನೂ ಗೊತ್ತಿರಲಿಲ್ಲ. ಅವಳು ಹೇಳಿದ್ದು ಅವಳೇ ನಂಬಿದ್ದ ಮಾತು.

ರಾಯದುರ್ಗಕ್ಕೆ ಮರಳಿದ ಮೇಲೆ ಕಾಯುವುದು ಶುರುವಾಯಿತು. ಅಪ್ಪನ ಗಡ್ಡದ ಕನ್ನಡಿ ತೆಗೆದುಕೊಂಡು ಬಾಗಿಲ ಬೆಳಕಿನಲ್ಲಿ ಕೂತು, ಬೆರಳಿಂದ ಕೆನ್ನೆ ಎಳೆದು ನೋಡುತ್ತಿದ್ದೆ. ವಸಡು ಮುಚ್ಚಿಕೊಂಡಿತು, ಗುಲಾಬಿಯಾಯಿತು, ಗಟ್ಟಿಯಾಯಿತು. ಮುಂದಿನ ಹಲ್ಲುಗಳು ಬಂದವು. ಪಕ್ಕದ ಹಲ್ಲುಗಳು ಬಿದ್ದವು, ಅವುಗಳ ಜಾಗದಲ್ಲಿ ಹೊಸವು ಬಂದವು. ಓಣಿಯ ಹುಡುಗಿಯರು ತಮ್ಮ ಹೊಸ ಹಲ್ಲು ತೋರಿಸಿದಾಗ ನಾನು, “ನಂದು ದೊಡ್ಡ ಹಲ್ಲು, ಅದಕ್ಕ ತಡ ಆಗತೈತಿ” ಎನ್ನುತ್ತಿದ್ದೆ. ಪ್ರತಿ ಬೇಸಿಗೆಯೂ ಮಾವ ನನ್ನ ಗಲ್ಲ ಎತ್ತಿ ಬಾಯಿ ನೋಡಿ, “ಬತ್ತೈತೆ, ಬತ್ತೈತೆ” ಎನ್ನುತ್ತಿದ್ದ. ಪ್ರತಿ ಸಲವೂ ಹೇಳುತ್ತಿದ್ದ. ಒಂದು ಸಲ ಹೇಳಿದ್ದರೆ ಆ ಹೊತ್ತಿನ ಸಮಾಧಾನಕ್ಕೆ ಹೇಳಿದ್ದ ಎಂದುಕೊಳ್ಳಬಹುದಿತ್ತು.

ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹಲ್ಲು ನೋಡುವ ಡಾಕ್ಟರುಗಳು ಬಂದರು. ಬಳ್ಳಾರಿ ಕಡೆಯ ಒಬ್ಬ ಯುವತಿ ನಮ್ಮ ಸಾಲಿಗೆ ಸಿಕ್ಕಿದಳು. ಟಾರ್ಚು ಹಾಕಿ ನೋಡಿದವಳು ಬೆರಳಿಂದ ನನ್ನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋಗಿ ಆ ಜಾಗದಲ್ಲಿ ನಿಂತಳು.

“ಇದನ್ನ ಯಾವಾಗ ತೆಗಿಸಿದ್ರಿ?”

“ಸಣ್ಣಾಕಿದ್ದಾಗ. ಹಾಲಹಲ್ಲು ಮೇಡಂ ಅದು. ಹೊಸಾದು ಇನ್ನೂ ಬಂದಿಲ್ಲ.”

ಅವಳು ಟಾರ್ಚು ಆರಿಸಿದಳು. “ಹಾಲಹಲ್ಲಲ್ಲವ್ವಾ ಇದು. ಆರು ವರ್ಷದ ಆಸುಪಾಸು ಎಲ್ಲಾದ್ರ ಹಿಂದ ಒಂದು ದವಡಿ ಹಲ್ಲು ಬರತೈತಿ. ಯಾವ ಹಲ್ಲೂ ಬಿದ್ದು ಅದರ ಜಾಗಕ್ಕ ಬರೋದಲ್ಲ, ಅದಕ್ಕ ಮನ್ಯಾಗ ಯಾರಿಗೂ ಗೊತ್ತಾಗಂಗಿಲ್ಲ. ಹಾಲಹಲ್ಲು ಅಂದ್ಕಂಡು ಬಿಟ್ಟುಬಿಡ್ತಾರ. ಅದು ಹುಟ್ಟಿದ್ದು ಸಾಯೋತನಕ ಇರಾಕ. ಒಂದ ಸಲ ಬರೋದು.”

ನನ್ನ ಮುಖ ನೋಡಿ ಅವಳ ದನಿ ಇಳಿಯಿತು. ಮೊದಲು ಹಲ್ಲಿನ ಮೇಲೆ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ ಏಳುತ್ತದಂತೆ, ಆಗಲೇ ಎಚ್ಚರವಾಗಿ ಸಿಹಿ ಕಡಿಮೆ ಮಾಡಿ ಸರಿಯಾಗಿ ಉಜ್ಜಿದರೆ ಅಲ್ಲಿಗೇ ನಿಲ್ಲಿಸಬಹುದಂತೆ. ಕಂದು ಗೀರು, ಸಣ್ಣ ಗುಳಿ ಆದರೂ ತುಂಬಿಸಬಹುದಂತೆ. ನೋವು ಶುರುವಾದ ಮೇಲೂ ಒಳಗಿನ ಕೀವು ತೆಗೆದು, ಔಷಧ ಇಟ್ಟು, ಕೆಲವು ಸಲ ಓಡಾಡಿದರೆ ಎಷ್ಟೋ ಹಲ್ಲು ಉಳಿಯುತ್ತವಂತೆ. ಇದನ್ನೆಲ್ಲ ಅವಳು ನನ್ನ ಹಿಂದೆ ನಿಂತಿದ್ದ ಹುಡುಗಿಯರಿಗೂ ಕೇಳಿಸುವಂತೆ ಹೇಳಿದಳು. ನನಗೆ ಕೊನೆಯ ಮಾತು ಮಾತ್ರ ತಲೆಗೆ ಹೋಯಿತು, “ತೆಗಿಯೋಕಿಂತ ಮುಂಚೆ ಡಾಕ್ಟ್ರು ಹೇಳಿರ್ತಾರ ಬಿಡು, ನಿಮ್ಮ ಮನಿಯವ್ರಿಗೆ.”

ಪರದೆ, ಬಸ್ಸಿನ ಹಾರ್ನು, ವಾರ ಎಂಬ ಮಾತು, ಎಲ್ಲ ಒಟ್ಟಿಗೆ ನೆನಪಾದವು.

ಮನೆಗೆ ಬಂದು ಬ್ಯಾಗು ಇಳಿಸುವ ಮುಂಚೆಯೇ ಅಮ್ಮನ ಮುಂದೆ ನಿಂತೆ. “ಅದು ಹಾಲಹಲ್ಲಲ್ಲಂತ. ನೀನ್ಯಾಕ ಕೀಳಿಸು ಅಂದಿ?”

ಅಮ್ಮ ಕೈಯಲ್ಲಿದ್ದ ಪ್ಯಾಂಟು ಕೆಳಗಿಟ್ಟಳು. “ನಾನೆಲ್ಲಿ ಅಂದೆ? ನನ್ನನ್ಯಾರು ಕೇಳಿದ್ರು? ಹಾಲಲ್ಲು ಅಂತ ಡಾಕ್ಟ್ರೇ ಕಿತ್ರು ಅಂದ ನಿಮ್ಮಾವ.”

ಡಾಕ್ಟರು ಕೇಳಿದ್ದು, ಮಾವ ಹೇಳಿದ್ದು, ಎರಡನ್ನೂ ತೆಲುಗಿನಲ್ಲಿ ಹೇಗಿತ್ತೋ ಹಾಗೇ ಒಪ್ಪಿಸಿದೆ. ಅಮ್ಮ ಸೆರಗಿನಿಂದ ನೀಲಿ ಬೆರಳು ಒರೆಸಿಕೊಳ್ಳುತ್ತ ಕೂತಳು. ಅಪ್ಪನ ಮಿಷನ್ನು ನಿಂತಿತ್ತು. ಅಷ್ಟು ವರ್ಷ ನಾನು ಸಿಟ್ಟು ಇಟ್ಟುಕೊಂಡಿದ್ದು ಅಮ್ಮನ ಮೇಲೆ. ಮಾವ ಅವಳಿಗೂ ನನಗೆ ಹೇಳಿದಂತೆಯೇ ಸುಳ್ಳು ಹೇಳಿದ್ದಾನೆ ಎಂದು ತಿಳಿದು, ಇನ್ನು ನಾವಿಬ್ಬರೂ ಒಂದು ಕಡೆ ಎಂದುಕೊಂಡೆ.

ದಸರಾ ರಜೆಯಲ್ಲಿ ಮಾವ ಹೊಸಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದ. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಟ್ಟೆ ತಂದಿಟ್ಟಳು. ಅವನು ತಿನ್ನುತ್ತ, ನಗುತ್ತ, ಅಭ್ಯಾಸದಂತೆ ನನ್ನ ಗಲ್ಲದ ಕಡೆ ಕೈ ಚಾಚಿದ. ನಾನು ಹಿಂದೆ ಸರಿದೆ.

“ಮಾವ, ಅದು ಮತ್ತೆ ಬರಂಗಿಲ್ಲ ಅಂತ ಡಾಕ್ಟ್ರು ಅವತ್ತ ನಿನಗ ಹೇಳಿದ್ರೇನು?”

ಅವನು ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಹೇಳಲಿಲ್ಲ.

“ಹೇಳಿದ್ರು ಕಣಮ್ಮಿ. ಉಳಿಸ್ಬೋದು, ಮೂರ್ನಾಲ್ಕು ಸಲ ಬರ್ಬೇಕು ಅಂದ್ರು. ಮನೇಲಿ ನಿಮ್ಮತ್ತೆ ಇಲ್ಲ, ಮುಂದಿನ ಬೆಳೆಗೆ ಹುಳ ತರ್ತೀನಿ ಅಂತ ಆಗ್ಲೇ ಒಪ್ಕೊಂಡಿದ್ದೆ. ಓಡಾಡೋರ್ಯಾರು? ನೋವು ಹೋಯ್ತಲ್ಲ, ಅಷ್ಟು ಸಾಕಾಗಿತ್ತು ನಂಗೆ.”

“ಬತ್ತೈತೆ ಅಂದಿ. ವರ್ಷಾ ವರ್ಷಾ ಅಂದಿ.”

“ಮಗು ಮುಂದೆ ಇನ್ನೇನನ್ನಲಿ?” ಎಂದು ಮಂಡಕ್ಕಿ ಬಾಯಿಗೆ ಹಾಕಿಕೊಂಡ.

ಅಪ್ಪ ತಲೆಯೆತ್ತದೆ, “ಒಂದು ಫೋನ್ ಮಾಡಬೇಕಿತ್ತು ನೀನು” ಎಂದರು, ಅಷ್ಟೇ. ನಾನು ಅಮ್ಮನ ಕಡೆ ನೋಡಿದೆ. ಅವತ್ತು ಪ್ಯಾಂಟು ಕೆಳಗಿಟ್ಟು ನನ್ನ ಮಾತು ಕೇಳಿದ್ದ ಅಮ್ಮ ಈಗ ಏನಾದರೂ ಹೇಳುತ್ತಾಳೆ ಎಂದು ಕಾದೆ.

“ಹೋಗ್ಲಿ ಬಿಡೇ ಪದ್ದಿ” ಎಂದಳು ಅಮ್ಮ. “ಹಲ್ಲು ತಾನೆ. ಬಾಯಿ ಮುಚ್ಚಿದ್ರೆ ಕಾಣ್ತೈತಾ? ಅಣ್ಣ, ಇನ್ನೊಂಚೂರು ಹಾಕ್ಲಾ?”

ಅಡುಗೆಮನೆಗೆ ಅವಳ ಹಿಂದೆ ಹೋದೆ. ಅವಳು ಒಲೆಯ ಕಡೆ ತಿರುಗಿ ನಿಂತು, “ನಮ್ಮಪ್ಪ ಹೋದ್ಮೇಲೆ ನನ್ನ ಸಾಕಿದೋನು ಅವ್ನು. ಅವನ ಮುಂದೆ ನಾನೇನಂತ ಮಾತಾಡ್ಲಿ? ನೀನೂ ಇನ್ಮೇಲೆ ಎತ್ಬೇಡ” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಆ ಒದ್ದೆ ನನಗಾಗಿಯೋ ಅಣ್ಣನಿಗಾಗಿಯೋ ಎಂದು ನಾನು ಕೇಳಲಿಲ್ಲ. ಹಲ್ಲು ಹೋದದ್ದಕ್ಕಿಂತ, ಮಾವ ಹೇಳಿದ ಸುಳ್ಳಿಗಿಂತ, ಅವತ್ತು ಆ ತಟ್ಟೆಗೆ ಎರಡನೇ ಸಲ ಬಿದ್ದ ಮಂಡಕ್ಕಿ ನನ್ನನ್ನು ಹೆಚ್ಚು ನೋಯಿಸಿತು.

ಈಗ ನಾನು ಕಣೇಕಲ್ಲಿನ ಸೊಸೆ. ನನ್ನ ಮಗಳಿಗೆ ಆರು ತುಂಬುವ ಹೊತ್ತಿಗೆ ಪ್ರತಿ ಭಾನುವಾರ ಮೊಬೈಲಿನ ಟಾರ್ಚು ಹಾಕಿ ಅವಳ ದವಡೆ ನೋಡುತ್ತಿದ್ದೆ. ಒಂದು ದಿನ ವಸಡು ಸೀಳಿಕೊಂಡು ಆ ಹಲ್ಲಿನ ತುದಿ ಕಂಡಿತು. ಅದು ಪೂರ್ತಿ ಬಂದ ಮೇಲೆ ಬಳ್ಳಾರಿಯ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಅದರ ಗೀರುಗಳಲ್ಲಿ ಅನ್ನ ಕೂರದಂತೆ ಲೇಪ ಹಾಕಿಸಿದೆ. ಏನು ಮಾಡುತ್ತಾರೆ ಎಂದು ಅವಳು ಕೇಳಿದಾಗ ಏನು ಮಾಡುತ್ತಾರೋ ಅದನ್ನೇ ಹೇಳಿದೆ. ರಾತ್ರಿ ಅವಳಿಗೆ ನಾನೇ ಬ್ರಷ್ ಮಾಡಿಸುತ್ತೇನೆ, ಆಮೇಲೆ ನೀರು ಬಿಟ್ಟು ಬೇರೇನೂ ಇಲ್ಲ. ಅತ್ತೆಯವರು ಮೊದಮೊದಲು, “ಬೀಳೋ ಹಲ್ಲಿಗೆ ಇಷ್ಟ್ಯಾಕವ್ವಾ?” ಎನ್ನುತ್ತಿದ್ದರು. ಹಾಲಹಲ್ಲು ಹುಳುಕಾದರೂ ಅದರಡಿ ಬರುವ ಹಲ್ಲಿಗೆ ಕೆಡುಕು ಎಂದು ತಿಳಿಸಿ ಹೇಳಿದ ಮೇಲೆ ಸುಮ್ಮನಾದರು.

ಅದೇ ಡಾಕ್ಟರಿಗೆ ನನ್ನ ಬಾಯನ್ನೂ ತೋರಿಸಿದೆ. ಅಲ್ಲೊಂದು ಹಲ್ಲು ಕಟ್ಟಿಸಿಕೊಳ್ಳಬಹುದೇ ಎಂದು ಕೇಳಿದೆ. ಅವರು ನೋಡಿ, “ಅಲ್ಲಿ ಈಗ ಜಾಗನ ಇಲ್ರಿ. ಹಿಂದಿನ ಹಲ್ಲು ಮುಂದಕ್ಕ ವಾಲಿ ಕೂತುಬಿಟ್ಟೈತಿ. ಸಣ್ಣೋರಿದ್ದಾಗನ ಬರಬೇಕಿತ್ತು” ಎಂದರು.

ಅಜ್ಜಿ ಈಗಿಲ್ಲ. ಮಾವ ಹುಳು ಸಾಕುವುದು ಬಿಟ್ಟು ದಾಳಿಂಬೆ ಹಾಕಿದ್ದಾನೆ. ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾನೆ, ನನ್ನ ಮಗಳನ್ನು ಬೇಸಿಗೆ ರಜೆಗೆ ಕಳಿಸು ಎನ್ನುತ್ತಾನೆ. ನಾನು ಚೆನ್ನಾಗಿಯೇ ಮಾತಾಡುತ್ತೇನೆ. ಮಗಳನ್ನು ಕಳಿಸುವುದಿಲ್ಲ. ಆ ದಸರೆಯ ನಂತರ ನಾನು ಅವನನ್ನು ‘ನೀನು’ ಎಂದು ಕರೆಯಲಾರದೆ ಹೋದೆ. ಬೇಕೆಂದು ಬಿಟ್ಟದ್ದಲ್ಲ, ನಾಲಿಗೆಗೆ ಬರಲಿಲ್ಲ. ಊಟ ಆಯ್ತೇನ್ರಿ ಮಾವ, ಆರೋಗ್ಯ ನೋಡ್ಕಳ್ರಿ, ನೀವು ಬರ್ರಿ ಈ ಕಡಿ, ಎನ್ನುತ್ತೇನೆ. ಪದ್ದಿ ಎಷ್ಟು ಮರ್ಯಾದೆ ಕಲಿತುಬಿಟ್ಟಳು ನೋಡು ಎಂದು ಮಾವ ಅಮ್ಮನ ಹತ್ತಿರ ಹೊಗಳುತ್ತಾನಂತೆ. ಅಮ್ಮ ಅದನ್ನು ಬಂದು ನನಗೆ ಸಂತೋಷದಿಂದ ಹೇಳುತ್ತಾಳೆ.